ಮುನಿಸು ಎಷ್ಟು ದಿನ ಇತ್ತು, ಅದನ್ನು ಎಣಿಸಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಇವೆ. ಆತ್ಮಿಕವಾಗಿ ಬೆಳೆಯುವುದು ಅಂದರೇನು, ನಾನು ಬೆಳೆದಿದ್ದೇನಾ, ನಮ್ಮ ಮನೆಯವರು ಯಾಕೆ ಬೆಳೆದಿಲ್ಲ. ಈ ಮೂರನೆಯ ಪ್ರಶ್ನೆಯೇ ಜಾಸ್ತಿ! ಹಾಗಾಗಿ ಮದುವೆ, ಆಸ್ತಿ, ಸೊಸೆಯ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಪಾದ್ರಿ ಅಲ್ಲ. ಮಂಡ್ಯ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ 31 ವರ್ಷ ಕನ್ನಡ ಪಾಠ ಹೇಳಿ, ಅದಕ್ಕಿಂತ ಜಾಸ್ತಿ ವರ್ಷ ಸಂಡೇ ಸ್ಕೂಲಿನ ಮಕ್ಕಳ ಹತ್ತಿರ ಬೈಸಿಕೊಂಡವಳು. ಗೊತ್ತಿರುವುದನ್ನು ಹೇಳುತ್ತೇನೆ. ಮಿಕ್ಕಿದ್ದಕ್ಕೆ ನಿಮ್ಮ ಅಯ್ಯನವರಿದ್ದಾರೆ, ಫಾದರ್ ಇದ್ದಾರೆ.

ಪ್ರಶ್ನೆ: ನನಗೆ 34 ವರ್ಷ. ದೀಕ್ಷಾಸ್ನಾನ ತೆಗೆದುಕೊಂಡು 12 ವರ್ಷ ಆಯ್ತು. ಮೊದಲೆಲ್ಲ ಪ್ರಾರ್ಥನೆಗೆ ಮೊಣಕಾಲೂರಿದರೆ ಕಣ್ಣೀರು ತಾನಾಗೇ ಬರುತ್ತಿತ್ತು, ಸತ್ಯವೇದ (ಬೈಬಲ್) ತೆರೆದರೆ ಪ್ರತಿ ವಾಕ್ಯ ನನಗೇ ಬರೆದ ಹಾಗಿರುತ್ತಿತ್ತು. ಈಗ ಎರಡು ವರ್ಷದಿಂದ ಏನೂ ಇಲ್ಲ. ಓದುತ್ತೇನೆ, ಪೇಪರ್ ಓದಿದ ಹಾಗೆ. ಹಾಡುತ್ತೇನೆ, ಬಾಯಿ ಮಾತ್ರ. ನಮ್ಮ ಮನೆ ಕೂಟದಲ್ಲಿ ಒಬ್ಬರು ನಿನ್ನಲ್ಲಿ ಗುಪ್ತ ಪಾಪ ಇದೆ ಅಂದರು. ಹುಡುಕಿ ಹುಡುಕಿ ಸುಸ್ತಾಗಿದ್ದೇನೆ. ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವಾಗ ಇದೇ ಯೋಚನೆ. ನಾನು ಹಿಂದಕ್ಕೆ ಹೋಗುತ್ತಿದ್ದೇನಾ?

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ನಮ್ಮಜ್ಜಿಯ ಮನೆಯ ರೇಷ್ಮೆ ಹುಳ. ನಗಬೇಡಿ. ಮಂಡ್ಯದವರು ಅಂದಿರಲ್ಲ, ನಿಮಗೆ ಅರ್ಥವಾಗುತ್ತದೆ.

ಹುಳ ಮೊಟ್ಟೆಯೊಡೆದು ಗೂಡು ಕಟ್ಟುವ ತನಕ ಹೆಚ್ಚುಕಮ್ಮಿ 25 ದಿನ. ಅಷ್ಟರಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ನಮ್ಮವರು ಅದಕ್ಕೆ ಜ್ವರ ಅಂತಲೇ ಹೇಳುವುದು, ಒಂದನೇ ಜ್ವರ, ಎರಡನೇ ಜ್ವರ ಹೀಗೆ. ಆಗ ಹುಳ ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲಕ್ಕೆತ್ತಿ ಅಲ್ಲಾಡದೆ ಸುಮ್ನೆ ಕೂತಿರುತ್ತದೆ, ಸತ್ತ ಹಾಗೆ. ಚಿಕ್ಕವಳಿದ್ದಾಗ ನಾನು ಒಂದು ಸಲ ಹೆದರಿ, ಪಾಪ ಹಸಿದಿವೆ ಅಂತ ಹೊಸ ಸೊಪ್ಪು ತಂದು ಮೇಲೆ ಹಾಕಿಬಿಟ್ಟೆ. ಅಜ್ಜಿ ಬೈದದ್ದು ಇವತ್ತಿಗೂ ಕಿವಿಯಲ್ಲಿದೆ. ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ ತಟ್ಟೆ ಒಣಗಿರುವಂತೆ ನೋಡಿಕೊಂಡು ಕಾಯಬೇಕು. ಯಾಕೆಂದರೆ ಒಳಗೆ ಹುಳ ಬೆಳೆದಿದೆ, ಹಳೇ ಚರ್ಮ ಸಾಲುತ್ತಿಲ್ಲ, ಅದನ್ನು ಕಳಚುವ ಕೆಲಸ ನಡೆಯುತ್ತಿದೆ. ಹೆಸರು ಜ್ವರ, ಆದರೆ ಅದು ಕಾಯಿಲೆ ಅಲ್ಲ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ನೋಡಬೇಕು ಅದರ ಹಸಿವು! ಹುಟ್ಟಿದಾಗಿನಿಂದ ತಿಂದ ಸೊಪ್ಪಿನಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ರಾತ್ರಿ ಮನೆಯಲ್ಲಿ ಮಳೆ ಬಂದ ಹಾಗೆ ಸದ್ದು.

ಪ್ರತಿ ಒಣಕಾಲವೂ ಹಾಗೇ ಅಂತ ನಾನು ಹೇಳಲಾರೆ. ನಿಜವಾಗಿಯೂ ಮನಸ್ಸಿನಲ್ಲಿ ಚುಚ್ಚುತ್ತಿರುವ ಒಂದು ವಿಷಯ ಇದ್ದರೆ ಅದು ನಿಮಗೇ ಗೊತ್ತಿರುತ್ತದೆ, ಎರಡು ವರ್ಷ ಹುಡುಕಬೇಕಾಗಿಲ್ಲ. ದೇವರು ತಪ್ಪನ್ನು ತೋರಿಸುವಾಗ ಹೆಸರಿಟ್ಟು ತೋರಿಸುತ್ತಾನೆ. ಪ್ರವಾದಿ ನಾತಾನನು ತಪ್ಪು ಮಾಡಿದ ರಾಜ ದಾವೀದನಿಗೆ, ನಿನ್ನಲ್ಲಿ ಏನೋ ಇದೆ, ಹುಡುಕಿಕೋ ಅನ್ನಲಿಲ್ಲ. ಕುರಿಮರಿಯ ಕಥೆ ಹೇಳಿ, ಆ ಮನುಷ್ಯ ನೀನೇ ಅಂದ. ಏನೂ ಸಿಗದೆ ಸುಮ್ನೆ ಅಪರಾಧಿ ಅನ್ನಿಸುತ್ತಲೇ ಇದ್ದರೆ ಅದು ಬೇರೆ. ಆ ಮಾತು ಹೇಳಿದವರಿಗೆ ಒಳ್ಳೆಯ ಮನಸ್ಸೇ ಇರಬಹುದು, ಆದರೆ ಅವರು ಜ್ವರಕ್ಕೆ ಕೂತ ಹುಳದ ಮೇಲೆ ಸೊಪ್ಪು ಸುರಿದಿದ್ದಾರೆ ಅಷ್ಟೇ.

88ನೇ ಕೀರ್ತನೆ ಓದಿ. ದುಃಖದ ಕೀರ್ತನೆಗಳು ಬೇಕಾದಷ್ಟಿವೆ, ಆದರೆ ಸಾಮಾನ್ಯವಾಗಿ ಕೊನೆಗೆ ಒಂದು ಬೆಳಕು ಕಾಣುತ್ತದೆ. ಇದರಲ್ಲಿ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ, ಅದೂ ಪ್ರಾರ್ಥನೆ ಅಂತಲೇ ಇಟ್ಟರು. ಮದರ್ ತೆರೇಸಾ ಅವರ ವಿಷಯ ಕೇಳಿರಬಹುದು. ಅವರು ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷದ ಮೇಲೆ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಜಗತ್ತೇ ದಂಗಾಯಿತು. ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಳ್ಳುತ್ತಿದ್ದ ಅಷ್ಟೂ ದಶಕಗಳಲ್ಲಿ ಅವರಿಗೆ ಒಳಗೆ ದೇವರು ಇದ್ದಾನೆ ಅನ್ನುವ ಅನುಭವವೇ ಬಹುತೇಕ ಇರಲಿಲ್ಲ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಕೆಲವರು ಇದನ್ನು ಓದಿ ಅವರಿಗೆ ನಂಬಿಕೆಯೇ ಇರಲಿಲ್ಲ ಅಂದರು. ನನಗೆ ಮಾತ್ರ ಅವರು ಆಮೇಲೇ ಹತ್ತಿರದವರು ಅನ್ನಿಸಿದ್ದು.

ಇನ್ನು ಮಾಡಬೇಕಾದ್ದು. ಪ್ರಾರ್ಥನೆಯನ್ನು ಉದ್ದ ಮಾಡಬೇಡಿ, ಗಿಡ್ಡ ಮಾಡಿ. 13ನೇ ಕೀರ್ತನೆ ಇರುವುದು ಆರೇ ವಚನ, ಎಲ್ಲಿಯವರೆಗೆ ಕರ್ತನೇ ಅಂತ ಶುರುವಾಗುತ್ತದೆ. ನಿಮ್ಮ ರೈಲು ಪಾಂಡವಪುರ ಬಿಟ್ಟು ಶ್ರೀರಂಗಪಟ್ಟಣದ ಹೊಳೆ ದಾಟುವಷ್ಟರಲ್ಲಿ ಮೂರು ಸಲ ಹೇಳಿಕೊಳ್ಳಬಹುದು. ಮನಸ್ಸು ಬರದಿದ್ದರೂ ಹೇಳಿ. ಕಣ್ಣೀರು ಬರಲಿ ಅಂತ ಕಾಯಬೇಡಿ. ಹೆಂಡತಿಗೆ ಕಾಫಿ ಮಾಡಿಕೊಡುವ ಗಂಡ ದಿನಾ ಪ್ರೇಮ ಉಕ್ಕಿ ಬಂದು ಮಾಡುತ್ತಾನಾ? ಮಾಡುತ್ತಾನೆ ಅಷ್ಟೇ. (ಕಾಫಿ ಮಾಡುವ ಗಂಡ ಎಲ್ಲಿದ್ದಾನೆ ಅಂತ ಕೇಳಿ ಪತ್ರ ಬರೆಯಬೇಡಿ, ಉದಾಹರಣೆಗೆ ಹೇಳಿದೆ.)

ಇನ್ನೊಂದು, ಇದು ಮುಖ್ಯ. ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ಪ್ರಾರ್ಥನೆ ಮಾತ್ರ ಅಲ್ಲ, ಸಿನಿಮಾ, ಗೆಳತಿಯರು, ಮಕ್ಕಳ ನಗು ಯಾವುದೂ ರುಚಿಸುತ್ತಿಲ್ಲ ಅಂತಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಕಮ್ಮಿ ಇದ್ದರೂ, ರಕ್ತ ಕಮ್ಮಿ ಇದ್ದರೂ, ಖಿನ್ನತೆ ಇದ್ದರೂ ಉತ್ಸಾಹವೇ ಹೋಗಬಹುದು. ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು ನನ್ನ ಪ್ರಾಣ ತೆಗೆದುಕೋ ಅಂದಾಗ ದೇವದೂತ ಉಪದೇಶ ಕೊಡಲಿಲ್ಲ. ಎಬ್ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಆಮೇಲೆ ಇನ್ನೊಂದು ಸಲ ಎಬ್ಬಿಸಿ ತಿನ್ನಿಸಿದ.

ಪ್ರಶ್ನೆ: ನಾನು ಚರ್ಚ್ ಸಭೆಯ ಕಮಿಟಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ದಿನಾ ಬೆಳಗ್ಗೆ ನಾಲ್ಕೂವರೆಗೆ ಎದ್ದು ಪ್ರಾರ್ಥನೆ, ಐದು ಅಧ್ಯಾಯ ಓದು, ಶುಕ್ರವಾರ ಉಪವಾಸ. ಆದರೆ ನನ್ನ ಹೆಂಡತಿ ಮಕ್ಕಳು ಆತ್ಮಿಕವಾಗಿ ತುಂಬಾ ಹಿಂದೆ. ಹೇಳಿದರೆ ಕೇಳುವುದಿಲ್ಲ. ಮೊನ್ನೆ ಹೆಂಡತಿ, ನೀವು ಚರ್ಚಲ್ಲಿ ಕುರಿಮರಿ, ಮನೆಯಲ್ಲಿ ಹುಲಿ ಅಂತ ಮಕ್ಕಳ ಎದುರೇ ಅಂದಳು. ಇಂಥವರನ್ನು ಬೆಳೆಸುವುದು ಹೇಗೆ? — ಮೈಸೂರು

ಉತ್ತರ: ಸ್ವಾಮಿ, ನಿಮ್ಮ ಮನೆಯಲ್ಲಿ ಸತ್ಯವೇದ ಚೆನ್ನಾಗಿ ಓದಿಕೊಂಡವರು ನಿಮ್ಮ ಯಜಮಾನತಿ ಅನ್ನಿಸುತ್ತಿದೆ.

ಸಿಟ್ಟಾಗಬೇಡಿ. ಕೊರಿಂಥದವರ ವಿಷಯ ನಿಮಗೆ ಗೊತ್ತೇ ಇದೆ, ದಿನಕ್ಕೆ ಐದು ಅಧ್ಯಾಯ ಓದುತ್ತೀರಿ. ಆ ಸಭೆಯಲ್ಲಿ ಯಾವ ವರಕ್ಕೂ ಕೊರತೆ ಇರಲಿಲ್ಲ ಅಂತ ಅಪೊಸ್ತಲ ಪೌಲ ಅವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೇ ಬರೆಯುತ್ತಾನೆ. ಅನ್ಯಭಾಷೆ ಇತ್ತು, ಪ್ರವಾದನೆ ಇತ್ತು, ಜ್ಞಾನ ಇತ್ತು. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಜನರನ್ನು ಕೂಸುಗಳು ಅನ್ನುತ್ತಾನೆ, ನಿಮಗೆ ಹಾಲೇ ಸಾಕು, ಅನ್ನ ಅರಗುವುದಿಲ್ಲ ಅನ್ನುತ್ತಾನೆ. ಕಾರಣ ಏನು ಕೊಡುತ್ತಾನೆ? ಓದು ಕಮ್ಮಿ ಅಂತಲ್ಲ, ಉಪವಾಸ ಕಮ್ಮಿ ಅಂತಲ್ಲ. ನಿಮ್ಮೊಳಗೆ ಹೊಟ್ಟೆಕಿಚ್ಚು ಇದೆ, ಜಗಳ ಇದೆ, ಅದಕ್ಕೆ. ಅವರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಕರ್ತನ ಭೋಜನಕ್ಕೆ ಸೇರಿದಾಗ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದಿರುತ್ತಿದ್ದ. ನಾನು ಹೇಳುವುದಿಷ್ಟೇ, ಒಂದೇ ಸಭೆಯಲ್ಲಿ ಅಷ್ಟೆಲ್ಲ ವರಗಳೂ ಇರಬಹುದು, ಅಂಥ ಕೂಸುತನವೂ ಇರಬಹುದು.

ಗಲಾತ್ಯ ಪತ್ರಿಕೆಯಲ್ಲಿರುವ ಆತ್ಮದ ಫಲಗಳ ಪಟ್ಟಿ ನಾವೆಲ್ಲ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು, ಪ್ರೀತಿ ಸಂತೋಷ ಸಮಾಧಾನ ದೀರ್ಘಶಾಂತಿ ದಯೆ ಉಪಕಾರ ನಂಬಿಕೆ ಸಾಧುತ್ವ ಶಮೆದಮೆ. ಈ ಶಮೆದಮೆ ಅನ್ನುವುದು ಏನೋ ತಮಟೆಯ ಥರದ ವಾದ್ಯ ಇರಬೇಕು ಅಂತ ನಾನು ಹತ್ತು ವರ್ಷದ ತನಕ ತಿಳಿದಿದ್ದೆ. ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು ಅಂತ ಆಮೇಲೆ ಗೊತ್ತಾಯಿತು. ಒಂಬತ್ತನ್ನೂ ಇನ್ನೊಂದು ಸಲ ನೋಡಿ. ಒಬ್ಬರೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತೋರಿಸಬಹುದಾದ್ದು ಎಷ್ಟಿವೆ? ದೀರ್ಘಶಾಂತಿ ತೋರಿಸಬೇಕು ಅಂದರೆ ಎದುರಿಗೆ ತಲೆ ತಿನ್ನುವ ಒಬ್ಬ ಮನುಷ್ಯ ಬೇಕೇ ಬೇಕು. ಬೆಳಗಿನ ನಾಲ್ಕೂವರೆ ಒಳ್ಳೆಯದೇ, ಬಿಡಬೇಡಿ. ಆದರೆ ಅದರ ಫಲ ಕಾಣುವುದು ಏಳೂವರೆಗೆ, ಮಗನ ಒಂದು ಸಾಕ್ಸ್ ಸಿಗದೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ.

ನನ್ನದೇ ಕಥೆ ಹೇಳಿಬಿಡುತ್ತೇನೆ, ನಿಮ್ಮೊಬ್ಬರನ್ನೇ ಬೈದ ಹಾಗಾಗಬಾರದು. ನಮ್ಮ ಸಭೆಯ ಕೊಯ್ಲಿನ ಹಬ್ಬ. ಹಬ್ಬ ಅಂದ ಮೇಲೆ ಹರಾಜು ಇರುತ್ತದೆ, ಹತ್ತು ರೂಪಾಯಿ ಕುಂಬಳಕಾಯಿ ಐನೂರಕ್ಕೆ ಹೋಗುತ್ತದೆ, ಎಲ್ಲರಿಗೂ ಖುಷಿ. ಆ ವರ್ಷ ಒಂದು ಹಲಸಿನ ಹಣ್ಣಿಗೆ ನಾನು ಕೂಗಿದೆ, ಇನ್ನೊಬ್ಬರು ಅದಕ್ಕಿಂತ ಜಾಸ್ತಿ ಕೂಗಿದರು, ನಾನು ಮತ್ತೆ ಕೂಗಿದೆ. ಆಗ ಅವರು ಪಕ್ಕದವರಿಗೆ, ಟೀಚರಮ್ಮನ ಸಂಬಳ ಎಷ್ಟು ಅಂತ ನಮಗೆ ಗೊತ್ತಿಲ್ವಾ ಅಂದರು. ಮೆಲ್ಲಗೇ ಅಂದರು. ನನಗೆ ಕೇಳಿಸಿತು. ಅವತ್ತಿನಿಂದ ಮಾತು ಬಿಟ್ಟೆ. ಎಷ್ಟು ದಿನ ಅಂತೀರಿ? ನಾಲ್ಕು ವರ್ಷ. ಇಬ್ಬರೂ ಒಂದೇ ಕ್ವೈರ್, ಬೆಂಚಿನ ಆ ತುದಿ ಈ ತುದಿ. ಆ ನಾಲ್ಕೂ ವರ್ಷ ನಾನು ಮಕ್ಕಳಿಗೆ ಎಪ್ಪತ್ತೇಳರಷ್ಟು ಸಲ ಕ್ಷಮಿಸುವ ಪಾಠ ಮಾಡಿದ್ದೇನೆ, ಚಾರ್ಟ್ ಸಮೇತ. ಕಾಣಿಕೆ ಪೆಟ್ಟಿಗೆಗೆ ಹಣ ಹಾಕಿದ್ದೇನೆ. ನಿನ್ನ ಮೇಲೆ ಸಹೋದರನಿಗೆ ಏನೋ ಬೇಸರ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಸರಿಮಾಡಿಕೋ ಅಂತ ಯೇಸು ಬೆಟ್ಟದ ಮೇಲೆ ಹೇಳಿದ್ದು ನನಗೆ ಬಾಯಿಪಾಠ ಬರುತ್ತಿತ್ತು. ಯಾರಾದರೂ ಕೇಳಿದ್ದರೆ ನಾನು ಆತ್ಮಿಕವಾಗಿ ಚೆನ್ನಾಗಿಯೇ ಇದ್ದೇನೆ ಅನ್ನುತ್ತಿದ್ದೆ.

ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಆಕೆ ಬಂದರು. ಒಂದು ಫ್ಲಾಸ್ಕ್ ರಾಗಿ ಗಂಜಿ ಇಟ್ಟು, ಎರಡು ನಿಮಿಷ ನಿಂತು, ಹೋದರು. ಮಾತಾಡಲಿಲ್ಲ. ಫ್ಲಾಸ್ಕ್ ವಾಪಸ್ ಕೊಡಬೇಕಲ್ಲ, ಅದು ನಮ್ಮ ಅಡುಗೆಮನೆಯ ಸ್ಲ್ಯಾಬ್ ಮೇಲೆ ಮೂರು ವಾರ ಕೂತಿತ್ತು. ದಿನಾ ಅದರ ಸುತ್ತ ಒರೆಸುತ್ತಿದ್ದೆ. ಕೊನೆಗೆ ಒಂದು ಸಂಜೆ ತೆಗೆದುಕೊಂಡು ಹೋದೆ. ಬಾಗಿಲಲ್ಲಿ ಇಬ್ಬರೂ ಹಲಸಿನ ಹಣ್ಣಿನ ಸುದ್ದಿ ಎತ್ತಲಿಲ್ಲ, ಗಂಜಿಗೆ ಉಪ್ಪು ಸರಿ ಇತ್ತಾ ಅಂದರು, ಅಷ್ಟೇ ಸಾಕಾಯಿತು.

ಆವತ್ತಿನಿಂದ ನಾನು ಇಟ್ಟುಕೊಂಡ ಅಳತೆ ಒಂದೇ. ಎಷ್ಟು ಓದಿದೆ ಅಂತಲ್ಲ, ಎಷ್ಟು ಅತ್ತೆ ಅಂತಲ್ಲ. ಮುನಿಸು ಎಷ್ಟು ದಿನ ಇತ್ತು? ಹೊತ್ತು ಮುಳುಗುವುದರೊಳಗೆ ಸಿಟ್ಟು ಬಿಡಿ ಅಂತ ಎಫೆಸ ಪತ್ರಿಕೆಯಲ್ಲಿದೆ. ಅಲ್ಲಿಗೆ ನಾನು ಇನ್ನೂ ಮುಟ್ಟಿಲ್ಲ. ಆದರೆ ನಾಲ್ಕು ವರ್ಷ ಇದ್ದದ್ದು ನಾಲ್ಕು ತಿಂಗಳಾಯಿತು, ಆಮೇಲೆ ವಾರ, ಈಗ ಒಳ್ಳೆಯ ದಿನಗಳಲ್ಲಿ ಒಂದು ರಾತ್ರಿ.

ನಿಮಗೆ ಒಂದು ಮನೆಪಾಠ. ಹೆಂಡತಿ ಮಕ್ಕಳನ್ನು ಬೆಳೆಸುವ ಕೆಲಸವನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿ. ಅವಳು ಹುಲಿ ಅಂದದ್ದು ಯಾವ ದಿನದ ಯಾವ ಮಾತಿಗೆ ಅಂತ ಕೇಳಿ. ಉತ್ತರ ಕೊಡುವಾಗ ಮಧ್ಯೆ ಬಾಯಿ ಹಾಕಬೇಡಿ. ಅದಾದ ಮೇಲೆ ಮಕ್ಕಳ ಎದುರೇ ತಪ್ಪಾಯಿತು ಅನ್ನಿ. ಎದುರೇ ಯಾಕೆ ಅಂದರೆ, ಬೈದದ್ದು ಎದುರೇ ಅಲ್ವಾ?

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಭಾನುವಾರ ಚರ್ಚ್ ಬೋರ್. ಯೂಟ್ಯೂಬ್‌ನಲ್ಲಿ ದಿನಾ ಎರಡು ಗಂಟೆ ಒಳ್ಳೊಳ್ಳೆ ಪ್ರಸಂಗ ಕೇಳುತ್ತೇನೆ. ಬೆಳೆಯುವುದಕ್ಕೆ ಅಷ್ಟು ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ ಮರಿ. ಈಜು ಹೇಳಿಕೊಡುವ ವಿಡಿಯೋ ಎರಡು ಗಂಟೆ ನೋಡಿದವನನ್ನು ವಿ.ಸಿ. ನಾಲೆಗೆ ತಳ್ಳಿದರೆ ಏನಾಗುತ್ತದೆ? ಇಬ್ರಿಯ ಪತ್ರಿಕೆ ಗಟ್ಟಿ ಆಹಾರ ತಿನ್ನುವವರು ಯಾರು ಅಂತ ಹೇಳುವಾಗ ಜಾಸ್ತಿ ಕೇಳಿದವರು ಅನ್ನುವುದಿಲ್ಲ, ಒಳ್ಳೆಯದು ಕೆಟ್ಟದ್ದು ಗುರುತಿಸುವುದನ್ನು ಅಭ್ಯಾಸದಿಂದ ಕಲಿತವರು ಅನ್ನುತ್ತದೆ. ಅಭ್ಯಾಸ ಅಂದರೆ ತಾಲೀಮು, ಗರಡಿ ಮನೆಯಲ್ಲಿ ಮಾಡುವ ಹಾಗೆ.

ಚರ್ಚ್ ಬೋರ್ ಅನ್ನುವುದು ಸುಳ್ಳಲ್ಲ, ನಮ್ಮಲ್ಲೂ ಕೆಲವು ಭಾನುವಾರ ಪ್ರಸಂಗ ಮುಗಿಯುವಷ್ಟರಲ್ಲಿ ಫ್ಯಾನ್‌ನ ರೆಕ್ಕೆ ಎಣಿಸಿರುತ್ತೇನೆ. ಆದರೆ ಯೂಟ್ಯೂಬಿನ ಪ್ರಸಂಗಿಗೆ ನೀನು ಯಾರು ಅಂತ ಗೊತ್ತಿಲ್ಲ. ನೀನು ಮೂರು ವಾರ ಕಾಣದಿದ್ದರೆ ಆತ ಫೋನ್ ಮಾಡುವುದಿಲ್ಲ.

ನಮ್ಮ ಮೈಸೂರಿನ ಸಭೆಗಳಲ್ಲಿ ಎಷ್ಟೋ ವೆಸ್ಲಿಯನ್ ಮಿಷನ್ನಿನಿಂದ ಬಂದವು. ವೆಸ್ಲಿ ಕೆಥೆಡ್ರಲ್ ಹೆಸರಲ್ಲೇ ಅದು ಇದೆ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದಾಗ ಅವು ಅದರೊಳಗೆ ಸೇರಿದವು. ಆ ಮಿಷನ್ನಿನ ಹೆಸರಿಗೆ ಮೂಲವಾದ ಬೋಧಕ ಜಾನ್ ವೆಸ್ಲಿಯವರ ಕಾಲದ ಒಂದು ಕಥೆ ನನಗೆ ಬಹಳ ಇಷ್ಟ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರ ಕಟ್ಟಡದ ಮೇಲೆ ಸಾಲ ಇತ್ತು. ತೀರಿಸುವುದು ಹೇಗೆ ಅಂತ ಸೇರಿದಾಗ ಒಬ್ಬರು, ಜನರನ್ನು ಹನ್ನೆರಡು ಹನ್ನೆರಡಾಗಿ ಗುಂಪು ಮಾಡೋಣ, ಗುಂಪಿಗೊಬ್ಬ ವಾರವಾರ ಮನೆಗೆ ಹೋಗಿ ತಲೆಗೊಂದು ಪೆನ್ನಿ ತರಲಿ ಅಂದರು. ಹೀಗೆ ಚೀಟಿ ದುಡ್ಡು ಎತ್ತುವವರ ಥರ ಹೋದವರಿಗೆ ಒಂದೊಂದು ಮನೆಯೊಳಗಿನ ಕಥೆ ಕಾಣತೊಡಗಿತು. ಅಲ್ಲೊಬ್ಬ ಕುಡಿಯುತ್ತಿದ್ದಾನೆ, ಇಲ್ಲಿ ಗಂಡ ಹೆಂಡತಿ ಜಗಳ. ಅಲ್ಲಿಂದಲೇ ಆ ಹನ್ನೆರಡು ಜನ ವಾರಕ್ಕೊಮ್ಮೆ ಕೂತು, ನಿನ್ನ ಆತ್ಮ ಹೇಗಿದೆ ಅಂತ ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಬೆಳೆಯಿತು. ಸಾಲದ ದುಡ್ಡಿಗೆ ಹುಟ್ಟಿದ ಪದ್ಧತಿ!

ನಿನಗೆ ಹನ್ನೆರಡು ಜನ ಬೇಡ. ಇಬ್ಬರು ಸಾಕು. ವಾರಕ್ಕೊಂದು ಸಲ ಎಲ್ಲಾದರೂ ದೋಸೆ ತಿನ್ನುತ್ತಾ ನಿಜ ಹೇಳುವಂಥ ಇಬ್ಬರು. ಭಾನುವಾರಕ್ಕೂ ಹೋಗು, ಕೊನೆಯ ಬೆಂಚಿನಲ್ಲಾದರೂ ಕೂತುಕೋ.

ಪ್ರಶ್ನೆ: ನಾವು ಕಥೋಲಿಕರು. ಅಮ್ಮನ ಕಾಲದಿಂದ ದೋರನಹಳ್ಳಿಯ ಸಂತ ಅಂತೋಣಿಯವರ ಮೇಲೆ ನಂಬಿಕೆ. ಮಂಗಳವಾರ ಆದಷ್ಟು ಹೋಗುತ್ತೇನೆ, ಜೂನ್ 13ರ ಹಬ್ಬ ತಪ್ಪಿಸಿಲ್ಲ. ಬೇರೆ ಸಭೆಯ ಗೆಳತಿಯೊಬ್ಬರು, ಹರಕೆ ಮೇಣದಬತ್ತಿ ಎಲ್ಲ ಮಗುವಿನ ನಂಬಿಕೆ, ನೀನು ಬೆಳೆಯಬೇಕು ಅನ್ನುತ್ತಾರೆ. ಬೇಜಾರಾಗಿದೆ. — ಕೆ.ಆರ್. ನಗರ

ಉತ್ತರ: ಬೇಜಾರಾಗುವಂಥದ್ದೇ. ಯಾರು ಬೆಳೆದಿದ್ದಾರೆ ಅಂತ ಮಾರ್ಕ್ಸ್ ಕೊಡುವುದಕ್ಕೆ ನಿಮ್ಮ ಗೆಳತಿಯನ್ನು ಯಾರೂ ಕೂರಿಸಿಲ್ಲ, ನನ್ನನ್ನೂ ಕೂರಿಸಿಲ್ಲ. ನಾನು ಇನ್ನೊಂದು ಸಭೆಯವಳು, ಆದರೂ ದೋರನಹಳ್ಳಿಗೆ ಹೋಗಿದ್ದೇನೆ. ಅಲ್ಲಿ ಕ್ರೈಸ್ತರಿಗಿಂತ ಬೇರೆಯವರೇ ಜಾಸ್ತಿ ಇದ್ದರು, ಬಾಳೆಹಣ್ಣು ಹೂವು ಹಿಡಿದು ಮಂಡಿಯೂರಿದ ಒಕ್ಕಲಿಗರ ಅಜ್ಜಿಯೊಬ್ಬರನ್ನು ನೋಡಿ ನನಗೆ ಪ್ರಾರ್ಥಿಸಲು ಸುಲಭವಾಯಿತು.

ನಾನು ಕೇಳುವ ಪ್ರಶ್ನೆ ಬೇರೆ. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಏನು ಕೇಳುತ್ತಿದ್ದಿರಿ, ಈಗ ಏನು ಕೇಳುತ್ತೀರಿ? ಕೊಡು ಕೊಡು ಅನ್ನುವುದರಲ್ಲಿ ತಪ್ಪಿಲ್ಲ, ದಿನದ ಅನ್ನ ಕೇಳುವುದನ್ನು ಯೇಸುವೇ ಕಲಿಸಿದ್ದಾನೆ. ಆದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಆತ ಮೊದಲು, ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಕೇಳಿದ. ಮುಚ್ಚಿಡದೆ ಕೇಳಿದ. ಆಮೇಲೆ, ನನ್ನ ಚಿತ್ತ ಅಲ್ಲ ನಿನ್ನದು ಅಂದ. ನಿಮ್ಮ ಮಂಗಳವಾರಗಳಲ್ಲಿ ಆ ಎರಡನೆಯ ಮಾತು ಯಾವಾಗಲಾದರೂ ಬಂದಿದೆಯಾ? ಕೆಲಸ ಆಗದೆ ಇದ್ದ ವರ್ಷವೂ ಬಸ್ಸು ಹತ್ತಿ ಹೋಗಿದ್ದೀರಾ? ಹೋಗಿದ್ದರೆ ನಿಮ್ಮ ಗೆಳತಿಗೆ ಉತ್ತರ ಕೊಡಬೇಕಾಗಿಲ್ಲ. ಸುಮ್ನೆ ಒಂದು ಮಂಗಳವಾರ ಅವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಯುವಕರ ಗುಂಪನ್ನು ನಡೆಸುತ್ತಿದ್ದ ಹುಡುಗ ಕುಡಿತ ಬಿಟ್ಟು ಮೂರು ವರ್ಷ ಆಗಿತ್ತು, ಸಾಕ್ಷಿ ಹೇಳುತ್ತಿದ್ದ, ಚೆನ್ನಾಗಿ ಹಾಡುತ್ತಿದ್ದ. ಈಗ ಮತ್ತೆ ಕುಡಿದು ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದ. ಹಿರಿಯರು ಅವನ ಹೆಸರು ತೆಗೆಯಿರಿ ಅನ್ನುತ್ತಿದ್ದಾರೆ. ಆ ಮೂರು ವರ್ಷ ಬೆಳೆದದ್ದೆಲ್ಲ ಸುಳ್ಳಾ?

ಉತ್ತರ: ಸುಳ್ಳಲ್ಲ. ಕಬ್ಬು ಕಡಿದ ಗದ್ದೆ ನೋಡಿದವರಿಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ, ಬರೀ ತರಗು. ಬುಡ ಇದ್ದರೆ ಅಲ್ಲೇ ಕೂಳೆ ಒಡೆಯುತ್ತದೆ, ನಮ್ಮ ಕಡೆ ಯಾರೂ ಒಂದೇ ಬೆಳೆಗೆ ಬುಡ ಕಿತ್ತು ಬಿಸಾಕುವುದಿಲ್ಲ.

ಮಾರ್ಕನ ಕಥೆ ನಿಮ್ಮ ಹಿರಿಯರಿಗೆ ನೆನಪಿಸಿ. ಸುವಾರ್ತೆ ಸಾರಲು ಪೌಲ, ಬಾರ್ನಬ ಇಬ್ಬರೂ ಹೊರಟ ಮೊದಲ ಪ್ರಯಾಣದಲ್ಲಿ ಈ ಹುಡುಗ ಜೊತೆಗಿದ್ದ. ಪಂಫುಲ್ಯದ ಪೆರ್ಗಕ್ಕೆ ಬರುತ್ತಲೇ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದ. ಯಾಕೆ ಹೋದ ಅಂತ ಬರೆದಿಲ್ಲ. ಎರಡನೇ ಪ್ರಯಾಣಕ್ಕೆ ಬಾರ್ನಬ, ಅವನನ್ನು ಕರೆದುಕೊಂಡು ಹೋಗೋಣ ಅಂದ, ಪೌಲ ಆಗುವುದಿಲ್ಲ ಅಂದ, ಜಗಳ ಎಷ್ಟಾಯಿತೆಂದರೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಇಷ್ಟು ಅಪೊಸ್ತಲರ ಕೃತ್ಯಗಳಲ್ಲಿದೆ. ಮುಂದೆ ಎಷ್ಟೋ ವರ್ಷ ಕಳೆದು, ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ ಸೆರೆಮನೆಯಲ್ಲಿದ್ದಾನೆ, ಜೊತೆಗೆ ಲೂಕ ಒಬ್ಬನೇ, ಮಿಕ್ಕವರು ಹೋಗಿದ್ದಾರೆ. ಆಗ ಬರೆಯುತ್ತಾನೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ. ಬೆಳೆದದ್ದು ಮಾರ್ಕ ಒಬ್ಬನೇನಾ? ಪೌಲನ ಮುನಿಸೂ ಕರಗಲು ವರ್ಷಗಳೇ ಬೇಕಾದವು. ಮಧ್ಯದ ಆ ವರ್ಷಗಳಲ್ಲಿ ಹುಡುಗನನ್ನು ಹಿಡಿದುಕೊಂಡವನು ಬಾರ್ನಬ. ಆಮೇಲೆ ಬಾರ್ನಬನ ಪ್ರಯಾಣದ ಬಗ್ಗೆ ಒಂದು ಸಾಲೂ ಆ ಪುಸ್ತಕದಲ್ಲಿ ಇಲ್ಲ.

ಗುಂಪು ನಡೆಸುವ ಕೆಲಸದಿಂದ ಸದ್ಯ ಬಿಡುವು ಕೊಡಿ, ಅದು ಅವನಿಗೇ ಒಳ್ಳೆಯದು. ಮೂರು ವರ್ಷ ಮೈಕಿನ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಿದ್ದೂ ಭಾರವೇ ಆಗಿರಬಹುದು, ಬಿದ್ದೆ ಅಂತ ಹೇಳಿಕೊಳ್ಳಲು ಅವನಿಗೆ ಜಾಗವೇ ಇರಲಿಲ್ಲವೇನೋ. ಆದರೆ ಹೆಸರು ತೆಗೆಯಬೇಡಿ. ಕುಡಿತ ಒಂದು ಕಾಯಿಲೆಯೂ ಹೌದು, ಬರೀ ಪ್ರಾರ್ಥನೆ ಮಾಡಿ ಬಿಡಬೇಡಿ, ಚಿಕಿತ್ಸೆಗೆ ಕರೆದುಕೊಂಡು ಹೋಗಿ, ಡಾಕ್ಟರನ್ನು ಕೇಳದೆ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸುವುದೂ ಕೆಲವರಿಗೆ ಅಪಾಯ. ನಿಮ್ಮಲ್ಲಿ ಯಾರಾದರೂ ಒಬ್ಬರು ಬಾರ್ನಬ ಆಗಬೇಕು. ಪತ್ರ ಬರೆದವರು ನೀವು, ಹಾಗಾಗಿ ನೀವೇ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ. ನೀವು ಪಕ್ವವಾಗಿದ್ದೀರಾ ಮೇಡಮ್?

ಉತ್ತರ: ಹೆಸರು ಹಾಕದೆ ಬರೆದಿದ್ದೀರಿ, ಅಕ್ಷರ ನೋಡಿದರೆ ನನ್ನ ಹಳೇ ವಿದ್ಯಾರ್ಥಿ ಅನ್ನಿಸುತ್ತದೆ. ಪೌಲನೇ ಫಿಲಿಪ್ಪಿಯವರಿಗೆ, ನಾನಿನ್ನೂ ಗುರಿ ಮುಟ್ಟಿಲ್ಲ ಅಂತ ಬರೆದಿದ್ದಾನೆ, ಅದನ್ನು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನೀವು ಕೇಳಿದ್ದು ನನ್ನನ್ನು.

ಪಾಂಡವಪುರದಲ್ಲಿರುವ ನನ್ನ ತಂಗಿ ಭಾನುವಾರ ಒಂದು ಮಾತು ಅಂದಳು. ಅಮ್ಮನ ಕೊನೆಗಾಲದಲ್ಲಿ ಯಾರು ಎಷ್ಟು ನೋಡಿಕೊಂಡರು ಅನ್ನುವ ಅದೇ ಹಳೇ ಮಾತು. ಮಂಗಳವಾರ ಅವಳೇ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಇವತ್ತು ಗುರುವಾರ, ಮೇಲಿನದನ್ನೆಲ್ಲ ಬರೆದು ಮುಗಿಸುವಷ್ಟರಲ್ಲಿ ರಾತ್ರಿ ಎಂಟೂಕಾಲು ಆಗಿದೆ. ಅವಳು ಒಂಬತ್ತಕ್ಕೆಲ್ಲ ಮಲಗಿಬಿಡುತ್ತಾಳೆ.